ಶೆಡ್ಡಿನ ಅಕ್ಕನಿಗೆ, ನೀವು ಕೈಬಿಟ್ಟ ಹಾಡಿನ ವಿಷಯ

ಗುಳೇದಗುಡ್ಡ
ಎರಡನೇ ಬೇಸಿಗೆಯ ಒಂಬತ್ತನೇ ದಿನ, 2214

ಅಕ್ಕಾವರಿಗೆ ಇಂದುಮತಿ ಚಿಲ್ಲಾಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೋದ್ಯ ಅಂದುಕೊಂಡು ಕಾಗದ ಮಡಚಿ ಇಡಬೇಡಿ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಎರಡನೆಯದು ನಿಮ್ಮ ಅಕ್ಟೋಬರಿನ ಹೊತ್ತಿಗೆ. ಎಪ್ಪತ್ತು ತುಂಬಿದವರು ತಾವು ಹುಟ್ಟುವ ಮೊದಲೇ ಬಾಳಿಹೋದ ಒಬ್ಬರಿಗೆ ಒಂದು ಕಾಗದ ಬರೆದು ಊರ ಗ್ರಂಥಾಲಯದ ಕಲ್ಲುಪೆಟ್ಟಿಗೆಯಲ್ಲಿ ಹಾಕುವುದು ನಮ್ಮೂರ ರೂಢಿ. ಅದು ತಲುಪುತ್ತದೆಯೇ ಎಂದು ನಾವು ಕೇಳುವುದಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ನುಸುಳಬಹುದು, ಕ್ಷಮಿಸಬೇಕು. ನಿಮ್ಮ ಹೆಸರು ಗೊತ್ತಿಲ್ಲದ್ದಕ್ಕೆ ಅದಕ್ಕಿಂತ ದೊಡ್ಡ ಕ್ಷಮೆ ಕೇಳಬೇಕು. ನನಗೆ ಗೊತ್ತಿರುವುದು ನಿಮ್ಮ ಗಿಟಾರು ಮತ್ತು ನಿಮ್ಮ ದನಿ, ಅದೂ ನಾಲ್ಕು ನಿಮಿಷದಷ್ಟು ಮಾತ್ರ.

ಮೊದಲು ನನ್ನ ಊರಿನ ವಿಷಯ. ನಿಮ್ಮ ಕಾಲದಲ್ಲಿ ಕುಪ್ಪಸದ ಖಣ ನೇಯುವ ಊರು ಎಂದು ಗುಳೇದಗುಡ್ಡಕ್ಕೆ ಹೆಸರಿತ್ತಂತೆ. ಈಗಲೂ ನೇಯುತ್ತೇವೆ, ಆದರೆ ಹೆಚ್ಚಾಗಿ ನೆರಳುಬಟ್ಟೆ. ಓಣಿಯ ಒಂದು ಮಾಳಿಗೆಯಿಂದ ಎದುರಿನ ಮಾಳಿಗೆಗೆ ಕಟ್ಟುವ ದಪ್ಪ ಬಟ್ಟೆ ಅದು. ಮೇಲೆ ಬಿದ್ದ ಬಿಸಿಲನ್ನು ಕುಡಿದು ಕರೆಂಟು ಮಾಡುತ್ತದೆ, ಕೆಳಗೆ ನಡೆಯುವವರಿಗೆ ನೆರಳು ಕೊಡುತ್ತದೆ. ಕೆಂಪು ಗುಡ್ಡದ ಮೇಲೆ ನಿಂತು ನೋಡಿದರೆ ಊರು ಕಾಣುವುದಿಲ್ಲ, ನೀಲಿ ಹಸಿರು ಪಟ್ಟೆಗಳ ಬಟ್ಟೆಯಷ್ಟೇ ಕಾಣುತ್ತದೆ. ಅದರ ಅಡಿಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸಪ್ಪಳ, ಮಗ್ಗದ ಸಪ್ಪಳ, ಸಂಜೆಯಾದರೆ ರಾಕಿನ ಸಪ್ಪಳ. ಹೌದು, ನೀವು ರಾಕ್ ಅಂದದ್ದನ್ನು ನಾವು ರಾಕು ಅನ್ನುತ್ತೇವೆ. ಯಾರೋ ಪಂಡಿತರು ಅದನ್ನು ಕಲ್ಲುಪದ ಎಂದು ಅನುವಾದ ಮಾಡಿ ಪಠ್ಯಪುಸ್ತಕದಲ್ಲಿ ಹಾಕಿಸಿದ್ದರು. ಮಕ್ಕಳು ನಕ್ಕರು, ಪದ ಸತ್ತುಹೋಯಿತು.

ನನ್ನ ತಾಯಿ ಗಂಗವ್ವ ನೆರಳುಬಟ್ಟೆಯ ಮಗ್ಗ ನಡೆಸುತ್ತಿದ್ದಳು. ಮೂವತ್ತು ವರ್ಷ ಆ ಸಪ್ಪಳದ ನಡುವೆ ನಿಂತು ಅವಳ ಕಿವಿ ಪೂರ್ತಿ ಹೋಗಿತ್ತು. ಆದರೂ ಮಗ್ಗ ಸರಿಯಾಗಿ ನಡೆಯುತ್ತಿದೆಯೇ ಎಂದು ಅವಳಷ್ಟು ಬೇಗ ಯಾರೂ ಹೇಳುತ್ತಿರಲಿಲ್ಲ. ಮಗ್ಗದ ಮರದ ತೊಲೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ನಮ್ಮ ಮಗ್ಗದ ಒಂದು ಹಲ್ಲು ಸವೆದಿತ್ತು, ಹೀಗಾಗಿ ಪ್ರತಿ ಏಳನೆಯ ಪೆಟ್ಟು ಒಂದು ಕೂದಲೆಳೆಯಷ್ಟು ತಡವಾಗಿ, ತೂಕವಾಗಿ ಬೀಳುತ್ತಿತ್ತು. ರಿಪೇರಿಗೆ ಬಂದವರನ್ನು ಅವ್ವ ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದಳು. ಎಷ್ಟು ನೇಯ್ದಾಯಿತು ಎಂಬ ಲೆಕ್ಕ ಅವಳಿಗೆ ಆ ಪೆಟ್ಟಿನಿಂದಲೇ ಸಿಗುತ್ತಿತ್ತು. ನನಗೆ ಇಪ್ಪತ್ತಾರು ತುಂಬಿದ ವರ್ಷ ಅವಳಿಗಾಗಿ ಒಂದು ಹಾಡು ಕಟ್ಟಿದೆ. ಅದರ ಹೆಸರು 'ಏಳನೇ ಪೆಟ್ಟು'. ನಾನು ಗಿಟಾರು ಮತ್ತು ದನಿ, ಗೆಳೆಯ ದಾವಲ್ ಡ್ರಮ್ಮು. ನಮ್ಮ ತಂಡದ ಹೆಸರು ಕೆಂಪುಕಲ್ಲು. ಇಬ್ಬರೇ ಇದ್ದರೂ ತಂಡವೇ.

ಆಗ ಹೊಸ ಹಾಡನ್ನು ಸಭಾಂಗಣದಲ್ಲಿ ಬಾರಿಸಬೇಕಾದರೆ ಅದಕ್ಕೆ ಸ್ವಂತಮುದ್ರೆ ಬೇಕಿತ್ತು. ಈ ಹಾಡು ಬೇರೆ ಎಲ್ಲಿಂದಲೂ ಬಂದದ್ದಲ್ಲ ಎಂಬ ಮುದ್ರೆ ಅದು. ಆ ನಿಯಮ ತಂದವರು ಕೆಟ್ಟವರಾಗಿರಲಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಯಂತ್ರಗಳು ಹಳೆಯ ಹಾಡುಗಳನ್ನು ಅರೆದು ದಿನಕ್ಕೆ ಲಕ್ಷಗಟ್ಟಲೆ ಹೊಸ ಹಾಡು ಸುರಿಯುತ್ತಿದ್ದವು. ಮನುಷ್ಯರು ಕಟ್ಟಿದ್ದು ಯಾವುದು, ಅರೆದದ್ದು ಯಾವುದು ಎಂದು ಯಾರಿಗೂ ತಿಳಿಯದಂತಾಗಿ ಜನ ರೊಚ್ಚಿಗೆದ್ದರು. ಆಗ ಹುಟ್ಟಿದ್ದು ಆಲಿಕೆಕಟ್ಟೆ, ಎಂದರೆ ಹಾಡಿನ ನ್ಯಾಯಾಲಯ. ಅಲ್ಲಿ ಜಾಡುಪೆಟ್ಟಿಗೆ ಎಂಬ ಯಂತ್ರವಿತ್ತು. ಜಗತ್ತಿನಲ್ಲಿ ಉಳಿದಿದ್ದ ಎಲ್ಲ ಧ್ವನಿಮುದ್ರಣಗಳನ್ನೂ ಅದಕ್ಕೆ ಕೇಳಿಸಿಟ್ಟಿದ್ದರು. ನಮ್ಮ ಹಾಡು ಯಾವುದನ್ನು ಎಷ್ಟು ಹೋಲುತ್ತದೆ ಎಂದು ಅದು ಹೇಳುತ್ತಿತ್ತು. ಹೋಲಿಕೆ ಜಾಸ್ತಿಯಾದರೆ ಮುದ್ರೆ ಇಲ್ಲ.

ಇದರಿಂದ ಆದದ್ದೇನು ಎಂದು ನೀವು ಊಹಿಸಬಲ್ಲಿರಿ. ಜನ ಮೊದಲು ಪೆಟ್ಟಿಗೆಗೆ ಕೇಳಿಸಿ, ಅದು ಬೆರಳು ಮಾಡಿದ ಕಡೆಯಲ್ಲೆಲ್ಲ ತಿದ್ದಿ, ಯಾವುದನ್ನೂ ಹೋಲದ ಹಾಡು ಮಾಡತೊಡಗಿದರು. ಅವಕ್ಕೆ ನಾವು ತೊಳೆದ ಹಾಡು ಅನ್ನುತ್ತಿದ್ದೆವು. ಸಭಾಂಗಣ ತುಂಬ ಅವೇ. ಕೇಳುವಾಗ ಬೆರಗಾಗುತ್ತಿತ್ತು, ಮನೆಗೆ ಬಂದು ಪಾತ್ರೆ ತಿಕ್ಕುವಾಗ ಒಂದು ಸಾಲೂ ಬಾಯಿಗೆ ಬರುತ್ತಿರಲಿಲ್ಲ.

ನಾನು ನನ್ನ ಹಾಡನ್ನು ತೊಳೆಯಲಿಲ್ಲ. ತೊಳೆಯುವ ಅಗತ್ಯವೇ ಇಲ್ಲ ಎಂಬ ಧೈರ್ಯ ನನಗಿತ್ತು. ಅವ್ವ, ಮಗ್ಗ, ಸವೆದ ಹಲ್ಲು, ಇದನ್ನೆಲ್ಲ ಇನ್ಯಾರು ಎಲ್ಲಿ ಹಾಡಿರಲು ಸಾಧ್ಯ? ಬಾಗಲಕೋಟೆಯ ಆಲಿಕೆಕಟ್ಟೆಗೆ ಹಾಡು ಒಪ್ಪಿಸಿ ಬಂದೆವು. ಎಂಟನೆಯ ದಿನ ಕರೆ ಬಂತು. ಪೆಟ್ಟಿಗೆ ನೂರಕ್ಕೆ ಎಪ್ಪತ್ತೊಂದು ಹೋಲಿಕೆ ತೋರಿಸಿತ್ತು. ಮಾತಿನಲ್ಲಿ ಅಲ್ಲ, ಹಾಡಿನ ಬೆನ್ನೆಲುಬಾದ ಗಿಟಾರಿನ ಓಟದಲ್ಲಿ. ಅಲ್ಲಿನ ಹಿರಿಯ ಆಲಿಕೆಗಾರ್ತಿ ವತ್ಸಲಾ ಕೆರೂಡಿ ಎಂಬವರು ನಮ್ಮನ್ನು ಕೂರಿಸಿ ಪೆಟ್ಟಿಗೆಗೆ ಸಿಕ್ಕ ಹಳೆಯ ಮುದ್ರಣ ಕೇಳಿಸಿದರು.

ಅದು ನಿಮ್ಮದು, ಅಕ್ಕಾವರೆ. ಯಾರದೋ ಫೋನಿನಲ್ಲಿ ಹಿಡಿದದ್ದು. ಮೇಲೆ ಇದ್ದ ಹೆಸರು 'ಶೆಡ್ಡು, ಮಂಗಳವಾರ, ಮೂರನೇ ಸಲ'. ವರ್ಷ 2024. ಹಿಂದೆ ಎಲ್ಲೋ ಬಸ್ಸಿನ ಕಂಡಕ್ಟರು "ಗದಗ ಗದಗ ಗದಗ" ಎಂದು ಕೂಗುತ್ತಾನೆ. ನೀವು ನಾಲ್ಕರ ತಾಳದಲ್ಲಿ ಆ ಓಟ ಬಾರಿಸುತ್ತೀರಿ, ಸ್ವರಗಳು ಮೂರು ಹೆಜ್ಜೆ ಮೇಲಕ್ಕೆ ಹತ್ತಿ ಎರಡು ಹೆಜ್ಜೆ ಕೆಳಕ್ಕೆ ಇಳಿಯುತ್ತವೆ. ನನ್ನ ಹಾಡಿನದೇ ಸ್ವರಗಳು. ಮೂರು ನಿಮಿಷವಾದ ಮೇಲೆ ನಿಮ್ಮ ಡ್ರಮ್ಮಿನವನು ಕೋಲು ನಿಲ್ಲಿಸುತ್ತಾನೆ.

"ಇದು ಯಾವುದೋ ಹಳೇ ಇಂಗ್ಲಿಷ್ ಬ್ಯಾಂಡಿಂದು ಇದ್ದಂಗ ಐತಲ್ಲ?" ಅನ್ನುತ್ತಾನೆ.

"ಹೌದೋ. ನಮ್ಮ ಸೋದರಮಾವನ ಕ್ಯಾಸೆಟ್‌ನಾಗ ಕೇಳಿದ್ದೆ ಅನಸ್ತೈತಿ," ಎಂದು ನೀವು.

"ಹಂಗಾರ ನಮ್ದು ಅಂತ ಹೆಂಗ ಹೇಳೂದು?"

ನೀವು ಆ ಓಟದ ಮೊದಲ ಸ್ವರಗಳನ್ನು ಇನ್ನೊಮ್ಮೆ ಮೀಟುತ್ತೀರಿ. ಆಮೇಲೆ "ಬಿಡು, ಬ್ಯಾಡ ಇದು" ಅನ್ನುತ್ತೀರಿ. ಗಿಟಾರನ್ನು ಎಲ್ಲಿಗೋ ಒರಗಿಸಿಟ್ಟ ಸದ್ದು. ಅಲ್ಲಿಗೆ ಮುಗಿಯಿತು. ಅದರ ಮುಂದೆ ಆ ಹಾಡಿನ ಇನ್ನೊಂದು ಮುದ್ರಣ ಪೆಟ್ಟಿಗೆಗೆ ಸಿಕ್ಕಿಲ್ಲ, ಆ ಕ್ಯಾಸೆಟ್ಟಿನದೂ ಉಳಿದಿಲ್ಲ.

ವತ್ಸಲಾ ಅವರು ಗಟ್ಟಿ ಮನುಷ್ಯೆ, ಆದರೆ ಕ್ರೂರಿ ಅಲ್ಲ. "ನೀವು ಇದನ್ನು ಮೊದಲು ಕೇಳಿದ್ದಿರಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಕೇಳದ ಆಣೆ ಮಾಡಬಹುದು. ಇನ್ನೊಂದು ವಾರ ಬಿಟ್ಟು ಬನ್ನಿ," ಎಂದರು. ಹಳೆಯದನ್ನು ತಾನು ಕೇಳಿಯೇ ಇಲ್ಲ, ತನಗೆ ಅದು ತಲುಪುವ ದಾರಿಯೂ ಇರಲಿಲ್ಲ ಎಂದು ಸಭೆಯೆದುರು ಆಣೆ ಮಾಡಿದವರಿಗೆ ಮುದ್ರೆ ಸಿಗುತ್ತಿತ್ತು.

ಹೊರಗೆ ಬಂದ ಕೂಡಲೇ ದಾವಲ್ ನನ್ನ ಹೆಗಲು ಹಿಡಿದು ಅಲುಗಿಸಿದ. "ಇಂದುಮತಿ, ಕೆಲಸ ಆತು! ಕೇಳಿಲ್ಲ ಅನ್ನು. ಖರೇನ ಕೇಳಿಲ್ಲಲ್ಲ ನೀ!"

ಕೇಳಿರಲಿಲ್ಲ ನಿಜ. ಆದರೆ ಆ ಸ್ವರಗಳು ನನ್ನ ಬೆರಳಿಗೆ ಹೇಗೆ ಬಂದವು ಎಂಬುದು ನನಗೆ ಬಸ್ಸು ಹತ್ತುವ ಮೊದಲೇ ಹೊಳೆದಿತ್ತು. ಅದು ರಾಚಪ್ಪ ಮಾಸ್ತರರ ಪಾಠ. ಒಂಬತ್ತು ವರ್ಷದವಳಿದ್ದಾಗ ಅವರ ಹತ್ತಿರ ಗಿಟಾರು ಕಲಿಯಲು ಹೋದ ಮೊದಲ ದಿನವೇ ಬೆರಳು ಪಳಗಲಿ ಎಂದು ಅವರು ಕೊಟ್ಟ ಕಸರತ್ತು ಅದು. ದಿನಾ ನೂರು ಸಲ. ಅದು ಯಾರದೋ ಹಾಡು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ನಡೆಯುವವರಿಗೆ ಹೆಜ್ಜೆ ಯಾರದು ಅನ್ನಿಸುತ್ತದೆಯೇ? ಹಾಗೆ. ಈಗ ನಾನು ಆಣೆ ಮಾಡಿದರೆ ಹಾಡು ಉಳಿಯುತ್ತದೆ. ಇದ್ದದ್ದು ಇದ್ದಂತೆ ಹೇಳಿದರೆ ಹಾಡೂ ಹೋಗುತ್ತದೆ, ಮಾಸ್ತರರ ಹೆಸರೂ ಹೋಗುತ್ತದೆ. ಆ ಕಸರತ್ತು ಇದ್ದ ಅವರ ಪಾಠದ ಪುಸ್ತಕಕ್ಕೆ ಜಿಲ್ಲೆಯಲ್ಲೆಲ್ಲ ಮರ್ಯಾದೆ ಇತ್ತು, ಅದರ ರಕ್ಷಾಪುಟದ ಮೇಲೆ ಪ್ರಕಾಶಕರು ಸ್ವಂತಮುದ್ರೆ ಒತ್ತಿಸಿದ್ದರು.

ಮಾಸ್ತರರಿಗೆ ಆಗ ಎಪ್ಪತ್ತೆಂಟು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದಾಗ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸುತ್ತ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಾಚಲೂ ಇಲ್ಲ.

"ಅದು ನಮ್ಮ ಗುರು ಹುಸೇನಬಿ ಬಾಯಿ ಕಲಿಸಿದ್ದು ಯವ್ವಾ. ನಾ ಎಂದಾದ್ರೂ ನಂದು ಅಂದೀನೇನು?"

"ಅವರಿಗೆ ಎಲ್ಲಿಂದ ಬಂತ್ರಿ ಮಾಸ್ತರ?"

"ಸಣ್ಣಾಕಿ ಇದ್ದಾಗ ಒಬ್ಬ ಅಕ್ಕ ಕಲಿಸಿದ್ದು ಅಂತಿದ್ದಳು. ಶೆಡ್ಡಿನಾಗ ಮಕ್ಕಳಿಗೆ ಪಾಠ ಹೇಳತಿದ್ದಳಂತ ಆ ಅಕ್ಕ. ಹೆಸರು ಹೇಳಿದ್ದಳು, ನಾ ಮರತೆ." ಅವರು ಕೈಯಲ್ಲಿದ್ದ ಹುಣಸೆ ಕೆಳಗಿಟ್ಟರು. "ನೀ ಕೇಳಲಿಲ್ಲ, ನಾ ಹೇಳಲಿಲ್ಲ. ತಪ್ಪು ಅಲ್ಲೇ ಐತಿ ನೋಡು. ಬಾರಿಸಿದ್ದರಾಗ ಇಲ್ಲ."

ಆಮೇಲೆ ಒಳಗಿಂದ ಗಿಟಾರು ತರಿಸಿಕೊಂಡು ಬಾರಿಸಿದರು. ಮೊದಲು ಹುಸೇನಬಿ ಬಾರಿಸುತ್ತಿದ್ದ ಹಾಗೆ, ಕೊನೆಯ ಸ್ವರದ ತಂತಿಯನ್ನು ಎಳೆದು ಬಾಗಿಸಿ; ಹುಸೇನಬಿಯವರಿಗೆ ತಮ್ಮ ಮನೆಯ ಮೊಹರಂ ಪದಗಳ ರೂಢಿಯಿತ್ತು, ಅಲ್ಲಿಂದ ಬಂದದ್ದು ಆ ಬಾಗು. ನಂತರ ತಮ್ಮ ಹಾಗೆ. ಹದಿಹರೆಯದಲ್ಲಿ ಕಲ್ಲಿನ ಗಣಿಯಲ್ಲಿ ಮಾಸ್ತರರ ಉಂಗುರಬೆರಳು ಜಜ್ಜಿ ಸೆಟೆದುಹೋಗಿತ್ತು. ಹೀಗಾಗಿ ಒಂದು ಸ್ವರವನ್ನು ಅವರು ಬಿಟ್ಟೇ ಬಾರಿಸುತ್ತಿದ್ದರು, ಆ ಜಾಗದಲ್ಲಿ ಒಂದು ಉಸಿರಿನಷ್ಟು ಖಾಲಿ. ಆ ಖಾಲಿಯನ್ನು ನಾನು ಪಾಠ ಎಂದೇ ಕಲಿತಿದ್ದೆ. ಅಕ್ಕಾವರೆ, ನೀವು ಹಾಡು ಕೈಬಿಟ್ಟಿರಿ, ನಿಮ್ಮ ಬೆರಳು ಬಿಟ್ಟಿರಲಿಲ್ಲ ಎಂದು ನನಗೆ ತಿಳಿದದ್ದು ಆ ಕಟ್ಟೆಯ ಮೇಲೆ.

"ಹೋಗಿ ಎಲ್ಲಾ ಹೇಳು," ಎಂದರು ಮಾಸ್ತರರು. "ನನ್ನ ಹೆಸರು ಎಷ್ಟನೇದೋ ಅಷ್ಟನೇ ಜಾಗಾಕ್ಕ ಹಾಕು. ಮೊದಲನೇ ಜಾಗಾ ಬ್ಯಾಡ ನನಗ."

ದಾವಲ್‌ಗೆ ಹೇಳಿದಾಗ ಅವನು ಮಾತು ಬಿಟ್ಟ. ಎರಡು ವರ್ಷ ಆ ಏಳರ ತಾಳವನ್ನು ತೊಡೆಯ ಮೇಲೆ ಬಡಿದು ಬಡಿದು ಕಲಿತವನು ಅವನು. ಅವನ ಸಿಟ್ಟು ನ್ಯಾಯವಾದದ್ದೇ. ಆದರೂ ವಿಚಾರಣೆಯ ದಿನ ಡ್ರಮ್ಮು ಹೊತ್ತುಕೊಂಡು ಬಂದ, ನನ್ನ ಮುಖ ನೋಡಲಿಲ್ಲ. ಅವ್ವನೂ ಬಂದಿದ್ದಳು.

ಆಲಿಕೆಕಟ್ಟೆಯ ಮುಂದೆ ನಿಂತು ನಾನು ಆಣೆ ಮಾಡುವುದಿಲ್ಲ ಎಂದೆ. ಸಭೆಯಲ್ಲಿ ಗುಜುಗುಜು ಎದ್ದಿತು. ನಾನು ಗಿಟಾರು ಎತ್ತಿಕೊಂಡು ಮೊದಲು ನಿಮ್ಮಂತೆ ಬಾರಿಸಿದೆ, ನಾಲ್ಕರಲ್ಲಿ, ಚುರುಕಾಗಿ. ಇದು ಶೆಡ್ಡಿನ ಅಕ್ಕನದು, ಅವರಿಗೆ ಸೋದರಮಾವನ ಕ್ಯಾಸೆಟ್ಟಿನಿಂದ ಬಂದದ್ದು ಎಂದೆ. ಆಮೇಲೆ ಕೊನೆಯ ಸ್ವರ ಬಾಗಿಸಿ, ಇದು ಹುಸೇನಬಿಯವರದು ಎಂದೆ. ಒಂದು ಸ್ವರ ಬಿಟ್ಟು, ಇದು ರಾಚಪ್ಪ ಮಾಸ್ತರರದು ಎಂದೆ. ನಂತರ ದಾವಲ್ ಕಡೆ ತಿರುಗಿದೆ. ಅವನು ಕ್ಷಣ ತಡೆದು ಕೋಲು ಎತ್ತಿದ. ಏಳರಲ್ಲಿ ಶುರುವಾಯಿತು.

ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೂತ ಮರದ ಬೆಂಚಿನ ಮೇಲೆ ಅಂಗೈ ಇಟ್ಟಿದ್ದಳು. ಎರಡನೆಯ ಸುತ್ತಿನಲ್ಲಿ ಅವಳ ಮುಖ ಬದಲಾಯಿತು. ಕಿವುಡಿಯಾದ್ದರಿಂದ ತನ್ನ ದನಿ ಎಷ್ಟು ದೊಡ್ಡದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಇಡೀ ಸಭೆಗೆ ಕೇಳುವಂತೆ, "ಇದು ನನ್ನ ಮಗ್ಗ! ನನ್ನ ಮಗ್ಗ ಇದು!" ಎಂದು ಕೂಗಿದಳು.

ಯಾರೂ ನಗಲಿಲ್ಲ. ವತ್ಸಲಾ ಅವರು ನಾವು ಹಾಡು ಮುಗಿಸುವ ತನಕ ಕಾದು, "ಹಾಗಾದರೆ ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದರು. ಅದು ಚುಚ್ಚುಮಾತಲ್ಲ, ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಈ ಪೆಟ್ಟನ್ನೂ ನಾನು ಅವ್ವನ ಮಗ್ಗದಿಂದ ತೊಗೊಂಡೀನ್ರಿ," ಎಂದೆ. "ಮಗ್ಗದ ಮುದ್ರಣ ನಿಮ್ಮ ಪೆಟ್ಟಿಗೆಯಾಗ ಇಲ್ಲ, ಅದಕ್ಕ ಅದು ಸಿಗಲಿಲ್ಲ. ಆ ಓಟ, ಈ ಪೆಟ್ಟು, ಇವೆರಡನ್ನ ಕೂಡಿಸಿದಾಕಿ ನಾನು. ನನಗಿಂತ ಮೊದಲು ಯಾರೂ ಕೂಡಿಸಿರಲಿಲ್ಲ. ನಂದು ಇಷ್ಟ, ಮತ್ತ ಇದು ಸಣ್ಣದಲ್ಲ."

ಆ ಕೊನೆಯ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಹೇಳಿದ ಮೇಲೆ ಅದು ಸರಿ ಎಂದು ಗೊತ್ತಾಯಿತು, ಇಂದಿಗೂ ಸರಿ ಎಂದೇ ನಂಬಿದ್ದೇನೆ.

ಮುದ್ರೆ ಸಿಗಲಿಲ್ಲ. ನಿಯಮ ಇದ್ದದ್ದೇ ಹಾಗೆ, ವತ್ಸಲಾ ಅವರು ಅದನ್ನು ಓದಿ ಹೇಳಿದರು. ಆದರೆ ತೀರ್ಪಿನ ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಬರೆದರು: ಹಾಡಿಗೆ 'ಸ್ವಂತ' ಎಂಬ ಕಲಮಿನ ಬದಲು 'ಬಂದ ದಾರಿ' ಎಂಬ ಕಲಮು ಬೇಕೇ ಎಂದು ಯೋಚಿಸತಕ್ಕದ್ದು. ಆ ಸಾಲು ನಿಯಮವಾಗಲು ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷ ನಾವು ಸುಮ್ಮನಿರಲಿಲ್ಲ. ಮುದ್ರೆ ಬೇಕಾದದ್ದು ಸಭಾಂಗಣಕ್ಕೆ, ಮಗ್ಗದ ಮನೆಗೆ ಬೇಕಿರಲಿಲ್ಲ. ವಾರದ ರಜೆಯ ದಿನ ಮಗ್ಗಗಳ ನಡುವಿನ ಜಾಗದಲ್ಲಿ ಬಾರಿಸತೊಡಗಿದೆವು. ಮೊದಲ ವಾರ ಹನ್ನೊಂದು ಜನ, ಅದರಲ್ಲಿ ಆರು ಜನ ಅವ್ವನ ಜೊತೆ ಕೆಲಸ ಮಾಡುವವರು. ಮೂರನೇ ತಿಂಗಳಿಗೆ ಜನ ಬಾಗಿಲ ಹೊರಗೂ ನಿಂತರು. ಪ್ರತಿ ಹಾಡಿನ ಮೊದಲು ಅದು ಬಂದ ದಾರಿ ಹೇಳುತ್ತಿದ್ದೆವು. ಆಗ ಕೇಳುವವರ ನಡುವಿನಿಂದ ಯಾರಾದರೂ ಎದ್ದು, ಇದು ನಮ್ಮ ಕಡೆ ಬಿತ್ತನೆಯ ಪದದಲ್ಲೂ ಉಂಟು ಎಂದು ಹಾಡಿ ತೋರಿಸುತ್ತಿದ್ದರು. ಹಾಡು ಹಾಗೆ ದಪ್ಪವಾಗುತ್ತ ಹೋಯಿತು. ದಾವಲ್ ಮೊದಲ ಮೂರು ತಿಂಗಳು ಬರಲಿಲ್ಲ. ಒಂದು ಮಧ್ಯಾಹ್ನ ಬಂದು, ಬದಲಿಗೆ ಬಾರಿಸುತ್ತಿದ್ದವನ ಕೈಯಿಂದ ಕೋಲು ಇಸಿದುಕೊಂಡು, "ಏಳನೇದು ಹಿಂಗ ಬೀಳತೈತೇನೋ?" ಎಂದು ಬೈದು ಕೂತ. ಅಷ್ಟೇ, ಆ ವಿಷಯ ಮತ್ತೆ ಎತ್ತಲಿಲ್ಲ.

ಮಾಸ್ತರರ ಪುಸ್ತಕ ವಿಚಾರಣೆಯ ಮರುವರ್ಷ ಹೊಸದಾಗಿ ಅಚ್ಚಾಯಿತು, ಆ ಪಾಠದ ಕೆಳಗೆ ಮೂರನೆಯ ಹೆಸರಾಗಿ ಅವರದು. ಅದನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ನಾಲ್ಕನೆಯ ವರ್ಷ ತೀರಿಕೊಂಡರು. ನಿಯಮ ಬದಲಾದದ್ದನ್ನು ಅವರು ನೋಡಲಿಲ್ಲ ಎಂಬುದೊಂದು ನೋವು ನನಗೆ ಈಗಲೂ ಇದೆ. ಅವ್ವ ನೋಡಿದಳು.

ಈಗ ಯಾವ ಸಭಾಂಗಣದಲ್ಲೂ ಹಾಡಿಗೆ ಮೊದಲು ಬಂದ ದಾರಿ ಹೇಳುತ್ತಾರೆ. ಎಲ್ಲವೂ ಚೆಂದ ಎನ್ನಲಾರೆ. ಕೆಲವು ಹುಡುಗರು ತಮ್ಮ ಪಾಂಡಿತ್ಯ ತೋರಿಸಲು ಇಪ್ಪತ್ತೆಂಟು ಹೆಸರು ಓದುತ್ತಾರೆ, ಹಾಡು ಬರುವಷ್ಟರಲ್ಲಿ ಜನ ನೀರು ಕುಡಿದು ಬರುತ್ತಾರೆ. ಕದಿಯುವವರು ಈಗಲೂ ಕದಿಯುತ್ತಾರೆ; ದಾರಿ ಮುಚ್ಚಿಟ್ಟು ತಮ್ಮದೇ ಎನ್ನುವವರನ್ನು ಜನ ಹಿಡಿಯುತ್ತಾರೆ, ಕೆಲವೊಮ್ಮೆ ಹಿಡಿಯುವುದಿಲ್ಲ. ಇಸಿದುಕೊಂಡದ್ದಕ್ಕೆ ಏನನ್ನೂ ಕೂಡಿಸದವರೂ ಇದ್ದಾರೆ, ಅವರನ್ನು ಕೇಳಿ ಬೇಜಾರಾಗಿ ಎದ್ದುಬರುತ್ತೇವೆ. ಆದರೆ ಪಾತ್ರೆ ತಿಕ್ಕುವಾಗ ಜನ ಮತ್ತೆ ಗುನುಗುತ್ತಿದ್ದಾರೆ. ನಮ್ಮ ಓಣಿಯಲ್ಲೇ ಆರು ತಂಡಗಳಿವೆ. ಒಂದು ತಂಡ ನನ್ನ ಏಳರ ತಾಳವನ್ನು ಎತ್ತಿಕೊಂಡು ಅದಕ್ಕೆ ಇನ್ನೊಂದು ಅರ್ಧ ಪೆಟ್ಟು ಸೇರಿಸಿದೆ. ಮೊದಲ ಸಲ ಕೇಳಿದಾಗ ನನಗೆ ತುಸು ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಲಕ್ಕೆ ಕಾಲು ತಾನೇ ಕುಣಿಯಿತು.

ಈಗ ನನ್ನ ಕೋರಿಕೆ. ನಿಮ್ಮ ಶೆಡ್ಡಿನಲ್ಲಿ ಅಂದು ಆಡಿದ ಮಾತನ್ನು ಇನ್ನೂ ಎಷ್ಟೋ ಶೆಡ್ಡುಗಳಲ್ಲಿ, ಮಾಳಿಗೆಗಳಲ್ಲಿ, ಕಾಲೇಜಿನ ಹಿಂದಿನ ಕೋಣೆಗಳಲ್ಲಿ ಆಡುತ್ತಿರಬಹುದು. ಎಲ್ಲೋ ಕೇಳಿದಂತಿದೆ, ಬಿಡು ಎಂದು. ಬಿಡಬೇಡಿ ಎಂದು ಅವರಿಗೆಲ್ಲ ಹೇಳಿ. ಎಲ್ಲಿ ಕೇಳಿದ್ದು ಎಂದು ಹುಡುಕಿ, ಅವರ ಹೆಸರು ಗಟ್ಟಿಯಾಗಿ ಹೇಳಿ, ಆಮೇಲೆ ನಿಮ್ಮ ಮನೆಯ, ನಿಮ್ಮ ಓಣಿಯ ಒಂದು ಸಪ್ಪಳ ಅದರೊಳಗೆ ಬೀಳುವ ತನಕ ಬಾರಿಸುತ್ತಿರಿ. ಅದು ಬೀಳುತ್ತದೆ. ನನಗೆ ಅದರಲ್ಲಿ ಅನುಮಾನವೇ ಇಲ್ಲ.

ಮತ್ತು ನಿಮಗೆ ಒಬ್ಬರಿಗೆ ಮಾತ್ರ ಇನ್ನೊಂದು. ನಿಮ್ಮ ಹತ್ತಿರ ಕಲಿಯಲು ಹುಸೇನಬಿ ಎಂಬ ಸಣ್ಣ ಹುಡುಗಿ ಬರುತ್ತಾಳೆ. ಆಗ ನಿಮಗೆ ಐವತ್ತರ ಆಸುಪಾಸು ಇರಬಹುದು. ಅವಳಿಗೆ ಕೊನೆಯ ಸ್ವರ ನೇರವಾಗಿ ನಿಲ್ಲುವುದಿಲ್ಲ, ಬಾಗುತ್ತದೆ. ದಯವಿಟ್ಟು ತಿದ್ದಬೇಡಿ.

ನಿಮ್ಮ ಹಾದಿಯ ನಾಲ್ಕನೆಯವಳು,
ಇಂದುಮತಿ